ಕೈ ತೋರಿಸಿ ಒಳಗೆ ಬನ್ನಿ

ಜೂನ್ 9, ಸೋಮವಾರ

ಬೆಳಿಗ್ಗೆ ಷಿಫ್ಟು ಶುರುವಾಗುವ ಹೊತ್ತಿಗೇ ಮಧುಸೂದನ್ ಸರ್ ಫೋನು. ಬೆಂಗಳೂರಿನ ಹೆಡ್ಡಾಫೀಸಿನಿಂದ ಅವರ ಫೋನು ಬಂತೆಂದರೆ ಬೈಸಿಕೊಳ್ಳುವುದಕ್ಕೇ ಎಂದು ನನಗೆ ಅಭ್ಯಾಸವಾಗಿಬಿಟ್ಟಿದೆ. ಎದ್ದು ನಿಂತುಕೊಂಡೇ ಎತ್ತಿದೆ. "ಕಂಗ್ರಾಟ್ಸ್ ತನುಜಾ!" ಅಂದರು. ನಂಬಿಕೆಯಾಗದೆ "ಯಾಕೆ ಸರ್?" ಎಂದು ಕೇಳಿದೆ, ದಡ್ಡಿಯ ಹಾಗೆ.

ವಿಷಯ ಇಷ್ಟು. ಕಂಪನಿಗೆ ರೇಷ್ಮೆ ನೂಲು ಬಿಚ್ಚುವ ಪ್ಲಾಂಟು ಎರಡಿವೆ. ಶಿಡ್ಲಘಟ್ಟದ್ದು ನಮ್ಮದು, ಇನ್ನೊಂದು ಗೌರಿಬಿದನೂರಿನದು. ಮಿಷನ್ನು ಒಂದೇ ಥರದ್ದು, ಗೂಡು ತರುವುದೂ ಒಂದೇ ಮಾರ್ಕೆಟ್ಟಿನಿಂದ. ಆದರೂ ಒಂದು ಕೆಜಿ ರೇಷ್ಮೆ ತೆಗೆಯಲು ಅವರಿಗೆ ಬೇಕಾಗುವುದಕ್ಕಿಂತ ಕಡಿಮೆ ಗೂಡು ನಮಗೆ ಸಾಕು. ಅವರಲ್ಲಿ ಎಳೆ ತುಂಡಾಗಿ ವೇಸ್ಟಿಗೆ ಹೋಗುವುದೇ ಜಾಸ್ತಿ. "ನೀವು ಏನ್ ಮಾಡ್ತಿದೀರೋ ಅದನ್ನ ಅವರಿಗೂ ಹೇಳಿಕೊಡಿ. ಬೆಸ್ಟ್ ಪ್ರ್ಯಾಕ್ಟೀಸ್ ಶೇರಿಂಗ್. ಕೆಂಚಾರ್ಲಹಳ್ಳಿ ಹತ್ತಿರ ಹೊಸ ಪ್ಲಾಂಟು ಬರುತ್ತಲ್ಲ, ಅಲ್ಲಿಗೂ ಅದೇ ಮಾದರಿ" ಅಂದರು.

ನಾವೇನು ಮಾಡುತ್ತಿದ್ದೇವೆ ಎಂದು ಊಟದ ಹೊತ್ತಿನವರೆಗೂ ಯೋಚಿಸಿದೆ. ವಿಶೇಷ ಅಂತ ಇರುವುದು ಒಂದೇ, ಕೈ ತೋರಿಸುವುದು. ಷಿಫ್ಟಿಗೆ ಮೊದಲು ಹೆಂಗಸರೆಲ್ಲ ಒಳ್ಳೆಯ ಗೂಡು, ಹಾಳು ಗೂಡು ಬೇರೆಮಾಡಿ ಆರಿಸುವ ಬೆಂಚಿನ ಹತ್ತಿರ ನಿಂತು ಕೈ ಚಾಚುತ್ತಾರೆ. ಒಬ್ಬಳ ಕೈಯನ್ನು ಇನ್ನೊಬ್ಬಳು ಹಿಡಿದು, ತಿರುಗಿಸಿ, ಬೆರಳ ಸಂದಿಯನ್ನೂ ಬಿಡದೆ ನೋಡುತ್ತಾಳೆ. ದಿನವಿಡೀ ಬಿಸಿನೀರಿನ ಬೇಸಿನ್ನಿನಲ್ಲಿ ಕೈಯದ್ದಿ ಗೂಡಿನ ಎಳೆ ಹುಡುಕುವ ಕೆಲಸ. ಗ್ಲೌಸು ಹಾಕಿದರೆ ಎಳೆ ಬೆರಳಿಗೆ ಸಿಗುವುದಿಲ್ಲ. ಬರಿಗೈಯಾದರೆ ತೊಗಲು ಬಿಳಿಚಿಕೊಂಡು ಬಿರಿಯುತ್ತದೆ. ಬಿರಿದ ಬೆರಳಿಗೆ ಎಳೆ ಸಿಕ್ಕಿಕೊಂಡು ತುಂಡಾಗುತ್ತದೆ. ಅದಕ್ಕೇ ಕೈ ಬಿರಿದವಳು ಆವತ್ತು ನೀರು ಮುಟ್ಟುವ ಹಾಗಿಲ್ಲ. ಅವಳು ಒಣ ಬೆಂಚಿಗೆ ಬಂದು ಗೂಡು ಆರಿಸುತ್ತಾಳೆ, ಬೆಂಚಿನಲ್ಲಿದ್ದವಳು ಬೇಸಿನ್ನಿಗೆ ಹೋಗುತ್ತಾಳೆ. ಹಾಜರಿಯೂ ಅದೇ, ಕೂಲಿಯೂ ಅದೇ.

ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ, ನಡೆಸಿಕೊಂಡು ಬಂದವಳು ವೆಂಕಟರತ್ನಮ್ಮ. ನಾನು ಟ್ರೈನಿಯಾಗಿ ಸೇರಿ ಬೇಸಿನ್ನಿಗೆ ಕೂತ ಮೊದಲ ವಾರವೇ ಬೊಬ್ಬೆ ಎದ್ದಿತ್ತು. ಹೇಳಲು ನಾಚಿಕೆ, ಸೂಪರ್‌ವೈಸರ್ ಆಗುವವಳಲ್ಲವೇ! ಅವಳೇ ಬಂದು ನನ್ನ ಕೈ ಎಳೆದು ನೋಡಿದಳು. "ಏಮಮ್ಮಾ ತನುಜಮ್ಮ, ಡಿಪ್ಲೊಮಾ ಓದಿರೋ ಕೈಗೆ ಉರಿ ಗೊತ್ತಾಗಲ್ವಾ? ನಡಿ ಬೆಂಚಿಗೆ" ಎಂದು ಎಲ್ಲರ ಮುಂದೆ ಗದರಿಸಿದ್ದಳು. ಇವತ್ತು ಅವಳಿಗೆ ಸುದ್ದಿ ಹೇಳಿದೆ. "ಅಯ್ಯೋ, ಇದನ್ನೂ ಹೇಳ್ಕೊಡ್ಬೇಕಾ? ಅವರಿಗೆ ಕೈ ಇಲ್ವಾ?" ಎಂದು ನಕ್ಕಳು.

ಜೂನ್ 11, ಬುಧವಾರ

ಸ್ಲೈಡು ಮಾಡಿ ಮಾಡಿ ತಲೆ ಚಿಟ್ಟು ಹಿಡಿದಿದೆ. ಹೆಡ್ಡಾಫೀಸಿನವರು ಮಾದರಿ ಕಳಿಸಿದ್ದಾರೆ. ಪದ್ಧತಿಯ ಹೆಸರೇನು, ಲಾಭವೇನು, ಅಳೆಯುವುದು ಹೇಗೆ, ಮೂರೇ ಕಾಲಮ್ಮು. ಹೆಸರಿಗೆ "ಕೈ ತೋರಿಸುವುದು" ಎಂದು ಬರೆದರೆ ನಗುತ್ತಾರೆ. "ಡೈಲಿ ಹ್ಯಾಂಡ್ ಇನ್‌ಸ್ಪೆಕ್ಷನ್" ಎಂದು ಹಾಕಿದೆ. ಓದಿಕೊಂಡಾಗ ನನಗೇ ಖುಷಿಯಾಯಿತು, ದೊಡ್ಡ ಫ್ಯಾಕ್ಟರಿಯ ವಿಷಯದಂತೆ ಕಾಣುತ್ತಿತ್ತು. ಲಾಭದ ಜಾಗದಲ್ಲಿ "ವೇಸ್ಟ್ ಕಡಿಮೆ" ಎಂದೆ. ಒಣ ಬೆಂಚಿನ ವಿಷಯ ಬರೆಯಹೋದರೆ ಅಕ್ಷರ ಚೌಕದ ಹೊರಗೆ ಹೋಯಿತು. ಬಾಯಲ್ಲಿ ಹೇಳಿದರಾಯಿತು ಎಂದು ಅಳಿಸಿದೆ.

ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಸ್ಕೂಲಿನಲ್ಲಿ ಅಟೆಂಡರ್ ಆಗಿ ರಿಟೈರಾದವರು, ಅಕ್ಷರ ಕಂಡರೆ ಓದದೆ ಬಿಡುವುದಿಲ್ಲ. "ನಮ್ಮಮ್ಮ ಕೈ ಚಾಚಿದ್ರೆ ಮೇಲಿಂದ ನೀರು ಹುಯ್ಯೋರು ಕಣಮ್ಮ, ಯಾರೂ ಮುಟ್ತಿರ್ಲಿಲ್ಲ. ನಿಮ್ ಪ್ಲಾಂಟಲ್ಲಿ ಎಲ್ಲಾ ಜಾತಿಯೋರೂ ಒಬ್ರ ಕೈ ಒಬ್ರು ಹಿಡ್ಕೊಂಡು ನೋಡ್ತಾರೆ ಅಂತೀಯಲ್ಲ, ಅದನ್ನ ಬರಿ" ಅಂದರು.

"ಅದಕ್ಕೆ ಕಾಲಮ್ ಇಲ್ಲ ಕಣಪ್ಪ" ಎಂದೆ. ಸ್ವಲ್ಪ ಜೋರಾಗಿಯೇ ಅಂದುಬಿಟ್ಟೆ.

ಜೂನ್ 19, ಗುರುವಾರ

ಗೌರಿಬಿದನೂರಿಗೆ ಹೋಗಿಬಂದೆ. ಹೋಗುವಾಗ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಬೇಕು, ಸೀರೆ ಸುಕ್ಕಾಗಿತ್ತು, ಹೆದರಿಕೆ ಬೇರೆ. ಆದರೆ ಮಾತಾಡಲು ನಿಂತ ಮೇಲೆ ಎಲ್ಲಿಂದ ಬಂತೋ ಧೈರ್ಯ! ಚಪ್ಪಾಳೆ ಬಿತ್ತು.

ಅಲ್ಲಿನ ಮ್ಯಾನೇಜರ್ ರವಿಚಂದ್ರ ನನ್ನ ವಯಸ್ಸಿನವನೇ, ಮೆತ್ತಗಿನ ಮನುಷ್ಯ. ಬೇಸಿನ್ನುಗಳ ಹತ್ತಿರ ಕರೆದುಕೊಂಡು ಹೋದ. ನಾನು ಒಬ್ಬ ಹೆಂಗಸಿಗೆ "ಕೈ ತೋರಿಸಮ್ಮ" ಅಂದರೆ ಸೆರಗಿನೊಳಗೆ ಇಟ್ಟುಕೊಂಡಳು. ಪಕ್ಕದಲ್ಲಿ ನಿಂತು ನನ್ನ ಕೈ ಮೊದಲು ತೋರಿಸಿದೆ, ಹಳೆಯ ಬೊಬ್ಬೆಯ ಕಲೆ. ಆಮೇಲೆ ತೋರಿಸಿದಳು. ಅಯ್ಯಪ್ಪಾ, ಹಸಿಮಾಂಸ! ಇಂಥ ಕೈಯಲ್ಲಿ ಎಳೆ ತುಂಡಾಗದೆ ಇನ್ನೇನಾಗುತ್ತದೆ.

ಹೊರಡುವಾಗ ರವಿಚಂದ್ರ ಕೇಳಿದ. "ಮೇಡಂ, ಕೈ ಸರಿ ಇಲ್ದೇ ಇರೋರನ್ನ ಏನ್ ಮಾಡ್ಲಿ?"

"ಗೂಡು ಆರಿಸೋ ಬೆಂಚಿಗೆ ಕಳ್ಸಿ."

"ನಮ್ಮಲ್ಲಿ ಬೆಂಚೇ ಇಲ್ವಲ್ಲ ಮೇಡಂ. ಗೂಡು ಆರಿಸೋದು ಕಂಟ್ರಾಕ್ಟ್‌ಗೆ ಕೊಟ್ಟು ಎರಡು ವರ್ಷ ಆಯ್ತು."

ಬಸ್ಸಿಗೆ ಹೊತ್ತಾಗುತ್ತಿತ್ತು. "ಏನಾದ್ರೂ ಒಂದ್ ದಾರಿ ಮಾಡ್ಕೊಳ್ಳಿ" ಎಂದು ಹೇಳಿ ಬಂದೆ.

ಜುಲೈ 4, ಶುಕ್ರವಾರ

ಗೌರಿಬಿದನೂರಿನಲ್ಲಿ ವೇಸ್ಟ್ ಇಳಿದಿದೆ! ಇಷ್ಟು ಬೇಗ! ಗ್ರೂಪಿನಲ್ಲಿ ಮಧುಸೂದನ್ ಸರ್ ನನ್ನ ಹೆಸರು ಹಾಕಿ ಹೊಗಳಿದ್ದಾರೆ. ಹೆಂಗಸರಿಗೆಲ್ಲ ಬನ್ನು, ಬಾಳೆಹಣ್ಣು ತರಿಸಿಕೊಟ್ಟೆ. ಅಕ್ಕಯಮ್ಮ ತನ್ನ ಮಾಮೂಲಿ ಧಾಟಿಯಲ್ಲಿ "ಮೇಡಮ್ಮೋರು ಎಂಎಲ್‌ಎ ಎಲೆಕ್ಷನ್ನಿಗೆ ನಿಲ್ತಾರಂತೆ ಕಣ್ರೇ" ಎಂದು ಕಾಲೆಳೆದಳು. ವೆಂಕಟರತ್ನಮ್ಮ ತನ್ನ ಬನ್ನನ್ನು ಗಂಡನಿಗೆಂದು ಸೆರಗಿನಲ್ಲಿ ಕಟ್ಟಿಕೊಂಡಳು.

ಜುಲೈ 16, ಬುಧವಾರ

ಬೆಳಿಗ್ಗೆ ಗೌರಿಬಿದನೂರಿಗೆ ಹೋಗಿದ್ದೆ, ಪದ್ಧತಿ ಹೇಗೆ ನಡೆಯುತ್ತಿದೆ ಎಂದು ನೋಡಿ ಬರೆಯಲು. ಪ್ಲಾಂಟಿನ ಎದುರು ಬಸ್‌ಸ್ಟಾಪಿನಲ್ಲಿ ಏಳೆಂಟು ಹೆಂಗಸರು ಊಟದ ಡಬ್ಬಿ ಹಿಡಿದು ಕೂತಿದ್ದರು. ಷಿಫ್ಟು ಬಿಟ್ಟಿತೇನೋ ಅಂದುಕೊಂಡೆ. ಒಬ್ಬಳಿಗೆ ನನ್ನ ಗುರುತು ಹತ್ತಿತು, ಅವತ್ತು ಕೈ ತೋರಿಸಿದವಳೇ. "ನೀವೇ ಅಲ್ವೇನಮ್ಮ ಬಂದು ಕೈ ನೋಡಿದ್ದು? ಈಗ ದಿನಾ ನೋಡ್ತಾರೆ. ಬಿರಿದಿದ್ರೆ ಗೇಟಿಂದ್ಲೇ ವಾಪಸ್ಸು. ಹಾಜರೀನೂ ಇಲ್ಲ, ಕೂಲೀನೂ ಇಲ್ಲ" ಅಂದಳು. ಬೈಯಲಿಲ್ಲ, ಸುಮ್ಮನೆ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಒಳಗೆ ಹೋಗಿ ರವಿಚಂದ್ರನ ಮೇಲೆ ಹಾರಿಬಿದ್ದೆ. "ಏನ್ರೀ ಮಾಡಿದೀರ ನೀವು? ನಾನು ಹೇಳಿದ್ದು ಇದಾ? ಕೈ ನೋಡೋದು ಅವರು ದುಡೀಲಿ ಅಂತ, ಮನೆಗೆ ಅಟ್ಟೋಕಲ್ಲ!"

ಅವನು ಬಾಗಿಲು ಹಾಕಿ ಬಂದು ಕೂತ. "ಬೆಂಚು ಕೊಡಿ ಅಂತ ಹೆಡ್ಡಾಫೀಸನ್ನ ಎರಡ್ ಸಲ ಕೇಳ್ದೆ ಮೇಡಂ. ನಿಮ್ ಸ್ಲೈಡಲ್ಲಿ ಬೆಂಚು ಇಲ್ಲ ಅಂದ್ರು. ಕೈ ನೋಡು, ಸರಿ ಇಲ್ದಿದ್ರೆ ಒಳಗೆ ಬಿಡ್ಬೇಡ ಅಂದ್ರು. ವೇಸ್ಟೂ ಇಳೀತು, ಕೂಲೀನೂ ಉಳೀತು. ಇನ್ನ ನನ್ ಮಾತು ಯಾರ್ ಕೇಳ್ತಾರೆ?" ಎಂದ. ಅವನ ಕಣ್ಣು ಕೆಂಪಾಗಿತ್ತು. ಕಾಫಿ ತರಿಸಿದ, ಇಬ್ಬರೂ ಕುಡಿಯಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು. ಪಕ್ಕದಲ್ಲಿ ಕೂತ ಅಜ್ಜಿ ಮುಖ ನೋಡಿ ಕಡಲೆಕಾಯಿ ಕೊಟ್ಟಳು.

ಜುಲೈ 17, ಗುರುವಾರ

ಮಧುಸೂದನ್ ಸರ್‌ಗೆ ಫೋನು ಮಾಡಿದೆ. ಏನು ಹೇಳಬೇಕೆಂದು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದೆ. ಬೆಂಚು ಇಲ್ಲದಿದ್ದರೆ ಈ ಪದ್ಧತಿಗೆ ಅರ್ಥವೇ ಇಲ್ಲ, ಸ್ಲೈಡಿನಲ್ಲಿ ಅದು ಬಿಟ್ಟುಹೋಗಿದೆ, ಸೇರಿಸಿ ಕಳಿಸುತ್ತೇನೆ ಎಂದೆ. ಪೂರ್ತಿ ಕೇಳಿಸಿಕೊಂಡರು, ಅದೇ ಸಂಕಟ. "ವೆರಿ ಗುಡ್ ಫೀಡ್‌ಬ್ಯಾಕ್ ತನುಜಾ. ಆದ್ರೆ ನೋಡಿ, ನಿಮ್ಮ ಐಡಿಯಾನ ಅವರು ಇಂಪ್ರೂವ್ ಮಾಡಿದಾರೆ. ಒಳ್ಳೇದು ಯಾವ ಕಡೆಯಿಂದ ಬಂದ್ರೂ ತಗೋಬೇಕು, ಶೇರಿಂಗ್ ಅಂದ್ರೆ ಅದೇ ಅಲ್ವಾ?" ಅಂದರು.

"ಹೌದು ಸರ್" ಎಂದೆ. ಥೂ.

ಆಗಸ್ಟ್ 4, ಸೋಮವಾರ

ನಮ್ಮಲ್ಲಿಗೂ ಬಂತು. ಬೆಳಿಗ್ಗೆ ಲಾರಿ ತಂದು ಆರಿಸುವ ಬೆಂಚುಗಳನ್ನೆಲ್ಲ ಹೊತ್ತುಕೊಂಡು ಹೋದರು. ಗೂಡು ಇನ್ನು ಹೊರಗೇ ಆರಿಸಿ ಬರುತ್ತದಂತೆ. ಗೇಟಿನ ಹತ್ತಿರ ಒಂದು ಮೇಜು, ಒಂದು ಲೈಟು. ಗೋಡೆಯ ಮೇಲೆ ಬೋರ್ಡು, "ಕೈ ತೋರಿಸಿ ಒಳಗೆ ಬನ್ನಿ." ಕೈಗಳನ್ನು ಲೈಟಿನ ಕೆಳಗೆ ಇಡಿಸಿ ನೋಡಬೇಕು, ಮುಟ್ಟಬಾರದು. ನೋಡುವವಳು ನಾನು.

ಹೆಂಗಸರಿಗೆಲ್ಲ ನಾನೇ ಹೇಳಬೇಕಾಯಿತು. ಅಕ್ಕಯಮ್ಮ ಬಾಯಿಗೆ ಬಂದಂತೆ ಬೈದಳು, ನನ್ನನ್ನಲ್ಲ, ಕಂಪನಿಯನ್ನು. ನನಗೇ ತಾಗಿತು.

ವೆಂಕಟರತ್ನಮ್ಮ ಮಾತ್ರ ಎಲ್ಲರೂ ಹೋಗುವ ತನಕ ಕಾದಿದ್ದು ಹತ್ತಿರ ಬಂದಳು. ಅವಳಿಗೆ ಸಕ್ಕರೆ ಕಾಯಿಲೆ, ಕೈ ಬಿರಿದರೆ ಬೇಗ ಮಾಯುವುದಿಲ್ಲ. ತಿಂಗಳಲ್ಲಿ ಅರ್ಧದಷ್ಟು ದಿನ ಒಣ ಬೆಂಚಿನಲ್ಲೇ ಇರುತ್ತಿದ್ದಳು. ಗಂಡ ಮುನಿಶಾಮಿಗೆ ಕಿಡ್ನಿ ಹೋಗಿದೆ, ವಾರಕ್ಕೆರಡು ಸಲ ಡಯಾಲಿಸಿಸ್. ಅದು ನಡೆಯುತ್ತಿರುವುದು ಕಂಪನಿ ಮಾಡಿಸಿಕೊಟ್ಟ ಆಸ್ಪತ್ರೆ ಕಾರ್ಡಿನಲ್ಲಿ. ಕಾರ್ಡು ಉಳಿಯಬೇಕಾದರೆ ಸೆಪ್ಟೆಂಬರ್ ಕೊನೆಗೆ ಹಾಜರಿ ಭರ್ತಿಯಾಗಿರಬೇಕು.

"ನಂದು ಹೆಂಗಮ್ಮ?" ಅಂದಳು.

"ನಾನಿದೀನಲ್ಲ, ಬಿಡಿ" ಎಂದೆ.

"ಅದೇ ಅನ್ಕೊಂಡೆ. ನೀನಿದೀಯ, ಪರ್ವಾಲೇದು" ಅಂತ ಹೋದಳು.

ಆಗಸ್ಟ್ 6, ಬುಧವಾರ

ಎಲ್ಲರನ್ನೂ ಒಳಗೆ ಬಿಟ್ಟೆ. ಅಕ್ಕಯಮ್ಮ, ಲಕ್ಷ್ಮೀನರಸಮ್ಮ, ವೆಂಕಟರತ್ನಮ್ಮ, ಮೂವರ ಕೈಯೂ ಬಿರಿದಿತ್ತು. ಸುಮ್ಮನೆ ತಲೆಯಾಡಿಸಿ "ಹೋಗಿ ಹೋಗಿ" ಎಂದೆ. ಬೆಂಚು ಇಲ್ಲ, ಹಾಗಾಗಿ ಆ ಕೈಯಲ್ಲೇ ಬಿಸಿನೀರಿಗೆ. ಮಧ್ಯಾಹ್ನ ಹೋಗಿ ನೋಡಿದರೆ ವೆಂಕಟರತ್ನಮ್ಮ ತುಟಿ ಕಚ್ಚಿಕೊಂಡು ಎಳೆ ಹುಡುಕುತ್ತಿದ್ದಾಳೆ. ಒಳಗೆ ಬಿಟ್ಟಿದ್ದು ಉಪಕಾರವೋ ಅಪಕಾರವೋ ಗೊತ್ತಾಗಲಿಲ್ಲ. ಕೊಬ್ಬರಿ ಎಣ್ಣೆ ಕೊಟ್ಟೆ. ಎಣ್ಣೆ ಹಚ್ಚಿದರೆ ಎಳೆ ಜಾರುತ್ತದೆ, ಹಚ್ಚಿಕೊಳ್ಳಲಿಲ್ಲ.

ಆಗಸ್ಟ್ 14, ಗುರುವಾರ

ನಮ್ಮ ಮಾಲು ವಾಪಸ್ಸು ಬಂದಿದೆ. ರೇಷ್ಮೆಯಲ್ಲಿ ರಕ್ತದ ಕಲೆ. ಈ ಪ್ಲಾಂಟಿನ ಚರಿತ್ರೆಯಲ್ಲೇ ಹೀಗೆ ಆಗಿರಲಿಲ್ಲ. ವೇಸ್ಟೂ ಏರಿದೆ.

ಮಧುಸೂದನ್ ಸರ್ ಖುದ್ದಾಗಿ ಬಂದರು. ಕೂಗಾಡಲಿಲ್ಲ. ಗೇಟಿನ ಮೇಜಿನ ಮೇಲೆ ಒಂದು ಕ್ಯಾಮೆರಾ ಹಾಕಿಸಿದರು. "ನಿಮ್ಮ ಪ್ರ್ಯಾಕ್ಟೀಸನ್ನ ನೀವೇ ಫಾಲೋ ಮಾಡದಿದ್ರೆ ಹೆಂಗೆ ತನುಜಾ? ನಿಮಗೆ ಕಷ್ಟ ಆದ್ರೆ ಹೇಳಿ, ಸೆಕ್ಯೂರಿಟಿ ಏಜೆನ್ಸಿಯೋರನ್ನ ಹಾಕ್ತೀನಿ. ಅವರು ಮುಖ ನೋಡಲ್ಲ, ಕೈ ಮಾತ್ರ ನೋಡ್ತಾರೆ" ಅಂದರು.

ಏಜೆನ್ಸಿಯವರು ಬಂದರೆ ಸಣ್ಣ ಗೀರಿಗೂ ಹೊರಗೆ ಹಾಕುತ್ತಾರೆ. ನಾನಾದರೆ ನೋಡಿಕೊಂಡು ಮಾಡಬಹುದು. ಒಬ್ಬಳನ್ನು ಕಳಿಸಿ ಹತ್ತು ಜನರನ್ನು ಉಳಿಸಿಕೊಳ್ಳಬಹುದು. ನಾನೇ ಮಾಡುತ್ತೇನೆ ಎಂದೆ. ಬೇರೆ ಏನು ಹೇಳಬಹುದಿತ್ತು? ಸಂಜೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ. ಹೊಳೆಯುತ್ತಿಲ್ಲ.

ಆಗಸ್ಟ್ 18, ಸೋಮವಾರ

ಇವತ್ತು ಮೊದಲನೇ ಸಲ ವಾಪಸ್ಸು ಕಳಿಸಿದೆ. ಲಕ್ಷ್ಮೀನರಸಮ್ಮನನ್ನು. ಅವಳು ಡಬ್ಬಿ ತೆಗೆದುಕೊಂಡು ಹೊರಟಳು. ಗೇಟು ದಾಟಿದ ಮೇಲೆ ತಿರುಗಿ "ನಾಳೆ ಬರ್ಲಾ ಮೇಡಂ?" ಎಂದು ಕೇಳಿದಳು. ನಾನು ಸಾಲಿನಲ್ಲಿದ್ದ ಮುಂದಿನವಳನ್ನು ಕರೆದೆ. ಊಟ ಸೇರಲಿಲ್ಲ.

ಆಗಸ್ಟ್ 29, ಶುಕ್ರವಾರ

ನನಗೇ ಮೋಸ ಮಾಡಲು ಶುರು ಮಾಡಿದ್ದಾರೆ! ಬಿರುಕಿಗೆ ಫೆವಿಕ್ವಿಕ್ ಹಾಕಿ ಮುಚ್ಚಿಕೊಂಡು ಬರುತ್ತಿದ್ದಾರೆ. ಲೈಟಿನ ಕೆಳಗೆ ಹೊಳೆದಾಗ ಗೊತ್ತಾಯಿತು. ಅಕ್ಕಯಮ್ಮನಂತೂ ಎರಡು ಬೆರಳು ಸೇರಿಸಿ ಅಂಟಿಸಿಕೊಂಡಿದ್ದಳು. ಬಿಸಿನೀರಿಗೆ ಬಿಟ್ಟಕೂಡಲೇ ತೊಗಲ ಸಮೇತ ಕಿತ್ತುಬರುತ್ತದೆ, ಅಷ್ಟೂ ಬುದ್ಧಿ ಬೇಡವೇ? ರೇಗಿಹೋಯಿತು. "ನಿಮಗೋಸ್ಕರ ನಾನು ಇಲ್ಲಿ ನಿಂತಿದೀನಿ, ನನ್ನ ಕಣ್ಣಿಗೇ ಮಣ್ಣೆರಚ್ತೀರಲ್ಲ" ಎಂದು ಕಿರುಚಿದೆ.

"ನಮಗೋಸ್ಕರಾನಾ?" ಎಂದಳು ಅಕ್ಕಯಮ್ಮ. ಅಷ್ಟೇ ಅಂದಿದ್ದು. ಅವಳ ಬಾಯಿ ಯಾವತ್ತೂ ಜೋರು.

ನಾಳೆಯಿಂದ ಟಾರ್ಚು ತರುತ್ತೇನೆ. ಲೈಟು ಸಾಲದು.

ಸೆಪ್ಟೆಂಬರ್ 9, ಮಂಗಳವಾರ

ಮೂವರು ಅನ್‌ಫಿಟ್. ವೇಸ್ಟ್ ಹಳೆಯ ಮಟ್ಟಕ್ಕೆ ಬಂದಿದೆ.

ವೆಂಕಟರತ್ನಮ್ಮ ಒಬ್ಬಳೇ ಏನೂ ಹಚ್ಚಿಕೊಳ್ಳದೆ ಬರುತ್ತಾಳೆ. ನೇರವಾಗಿ ಬಂದು ಎರಡೂ ಕೈ ಲೈಟಿನ ಕೆಳಗೆ ಇಡುತ್ತಾಳೆ, ನನ್ನ ಮುಖ ನೋಡುತ್ತಾಳೆ. ಅದೇ ಕಷ್ಟ. ಹೋದ ವಾರದಿಂದ ಅವಳ ಕೈಗೆ ಕ್ಯಾಮೆರಾದಲ್ಲೂ ಕಾಣುವಷ್ಟು ಗಾಯ. ಇವತ್ತು ಹೇಳಿದೆ, "ನಾಲ್ಕು ದಿನ ಮನೇಲಿರಿ, ಮಾಯಲಿ."

"ಮನೇಲಿದ್ರೆ ಹಾಜರಿ ಹೋಗ್ತದಲ್ಲಮ್ಮ. ಕಸ ಗುಡಿಸ್ತೀನಿ, ನೂಲಿನ ಲಡಿ ಕಟ್ತೀನಿ. ಏನಾದ್ರೂ ಕೊಡು."

"ಲಡಿ ಕಟ್ಟೋಕೆ ಜನ ಇದಾರೆ ಅಮ್ಮ. ಕಸಕ್ಕೆ ಏಜೆನ್ಸಿ ಬಂದಿದೆ. ನನ್ನ ಕೈಯಲ್ಲಿ ಏನಿದೆ ಹೇಳಿ?"

ಹಿಂದೆ ನಿಂತವರು ತಳ್ಳುತ್ತಿದ್ದರು, ಷಿಫ್ಟಿನ ಸೈರನ್ ಆಗಿತ್ತು. ಅವಳು ಪಕ್ಕಕ್ಕೆ ಸರಿದಳು. "ಪೋನೀಲೇಮ್ಮಾ, ಹೋಗ್ಲಿ ಬಿಡು, ನಿನಗೂ ಮೇಲಿನೋರಿದಾರೆ" ಎಂದು ನನಗೇ ಸಮಾಧಾನ ಹೇಳಿದಳು. ಮೇಜಿನ ಮುಂದೆ ಎಲ್ಲರೂ ನೋಡುತ್ತಿದ್ದರು, ಇಲ್ಲದಿದ್ದರೆ ಅವಳ ಕೈ ಹಿಡಿದುಕೊಳ್ಳುತ್ತಿದ್ದೆ.

ಸೆಪ್ಟೆಂಬರ್ 19, ಶುಕ್ರವಾರ

ನಾಲ್ಕು ಅನ್‌ಫಿಟ್.

ಮನೆಯಲ್ಲಿ ಅಪ್ಪ ಕೇಳಿದರು, "ಈಗಲೂ ಒಬ್ರ ಕೈ ಒಬ್ರು ಹಿಡ್ಕೊಂಡು ನೋಡ್ತಾರೇನಮ್ಮ?" ಇಲ್ಲ, ಮುಟ್ಟುವುದು ಬೇಡ ಎಂದು ನಿಯಮವಾಗಿದೆ, ಅದರಿಂದ ಕೆಲಸವೂ ಬೇಗ ಮುಗಿಯುತ್ತದೆ ಎಂದು ವಿವರಿಸಿದೆ. ಅಪ್ಪ ಟಿವಿ ಹಾಕಿಕೊಂಡರು. ಅವರಿಗೆ ಈಚೆಗೆ ಮಾತು ಕಡಿಮೆಯಾಗಿದೆ, ವಯಸ್ಸಾಯಿತು.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಮಿಷನ್ನುಗಳಿಗೆಲ್ಲ ಅರಿಶಿನ ಕುಂಕುಮ, ಬೇಸಿನ್ನಿಗೊಂದೊಂದು ಚೆಂಡುಹೂವಿನ ಹಾರ. ಇವತ್ತು ಕೆಲಸವಿಲ್ಲ, ಹಾಗಾಗಿ ಕೈ ನೋಡುವುದೂ ಇಲ್ಲ. ಎಲ್ಲರೂ ಬಂದಿದ್ದರು. ವೆಂಕಟರತ್ನಮ್ಮ ಹಸಿರು ಸೀರೆ ಉಟ್ಟು ಬಂದು ತನ್ನ ಬೇಸಿನ್ನಿಗೆ ತಾನೇ ಹೂವು ಹಾಕಿದಳು. ಕೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಚೆನ್ನಾಗಿ ನಗುತ್ತ ಓಡಾಡಿಕೊಂಡಿದ್ದಳು, ನನಗೂ ಮನಸ್ಸು ಹಗುರಾಯಿತು.

ಪ್ರಸಾದ ಕೊಡುವಾಗ ಮೆಲ್ಲಗೆ ಕೇಳಿದಳು, "ಹಾಜರಿ ಭರ್ತಿ ಆಯ್ತಾ ತನುಜಮ್ಮ?"

ಆಗಿರಲಿಲ್ಲ. ನಿನ್ನೆ ಸಂಜೆಯೇ ಪಟ್ಟಿ ಹೆಡ್ಡಾಫೀಸಿಗೆ ಹೋಗಿಯಾಗಿತ್ತು. ಅವಳ ಹಾಜರಿ ಸೇರಿಸಿ ಕಳಿಸಬಹುದಿತ್ತೇ ಎಂದು ನಿನ್ನೆ ನೂರು ಸಲ ಯೋಚಿಸಿದ್ದೆ. ಗೇಟಿನ ಕ್ಯಾಮೆರಾದಲ್ಲಿ ಅವಳು ವಾಪಸ್ಸು ಹೋದ ದಿನವೆಲ್ಲ ಇದೆ. ಸಿಕ್ಕಿಬಿದ್ದರೆ ನಾನೂ ಹೋಗುತ್ತೇನೆ, ಅವಳೂ ಹೋಗುತ್ತಾಳೆ. "ಸ್ವಲ್ಪ ಕಮ್ಮಿ ಬಿದ್ದಿದೆ, ಮಾತಾಡ್ತೀನಿ" ಎಂದೆ. ಹಬ್ಬದ ದಿನ ಪೂರ್ತಿ ಹೇಳಲು ಬಾಯಿ ಬರಲಿಲ್ಲ.

ಅಕ್ಟೋಬರ್ 8, ಬುಧವಾರ

ಮಾತಾಡಿದೆ. ಮಧುಸೂದನ್ ಸರ್ "ಪಾಪ" ಅಂದರು. ಕಾರ್ಡಿನ ವಿಷಯ ಇನ್ಶೂರೆನ್ಸಿನವರದ್ದಂತೆ, ಇವರ ಕೈಯಲ್ಲಿ ಇಲ್ಲವಂತೆ. ಇನ್ಶೂರೆನ್ಸಿನವರಿಗೆ ಫೋನು ಮಾಡಿದರೆ ಹಾಜರಿ ಕಂಪನಿಯ ವಿಷಯ ಅಂದರು. ಬೆಳಿಗ್ಗೆಯಿಂದ ಸಂಜೆ ತನಕ ಇದೇ ಆಯಿತು. ಕೊನೆಗೆ ಒಬ್ಬ ಹುಡುಗಿ ಫೋನಿನಲ್ಲಿ ಬಹಳ ಮೃದುವಾಗಿ, "ಮನೆಯಲ್ಲಿ ಬೇರೆ ಯಾರಾದ್ರೂ ಕಂಪನಿಗೆ ಸೇರಿದ್ರೆ ಅವರ ಹೆಸರಲ್ಲಿ ಹೊಸ ಕಾರ್ಡ್ ಆಗುತ್ತೆ ಮೇಡಂ, ಮೊದಲ ದಿನದಿಂದಲೇ" ಅಂದಳು.

ಅದನ್ನು ವೆಂಕಟರತ್ನಮ್ಮನಿಗೆ ಫೋನಿನಲ್ಲೇ ತಿಳಿಸಿದೆ. ತಿಳಿಸುವುದು ನನ್ನ ಧರ್ಮ. ಅವಳು "ಊಂ" ಅಂದಳು.

ಅಕ್ಟೋಬರ್ 28, ಮಂಗಳವಾರ

ಚಿಕ್ಕಬಳ್ಳಾಪುರದ ಹೋಟೆಲಿನಲ್ಲಿ ಮೀಟಿಂಗು. ಕೆಂಚಾರ್ಲಹಳ್ಳಿ ಪ್ಲಾಂಟಿಗೆ ಹೊಸದಾಗಿ ಸೇರಿದ ಸೂಪರ್‌ವೈಸರ್‌ಗಳಿಗೆ ನಾನೇ ಹೇಳಿಕೊಟ್ಟೆ. ಟಾರ್ಚಿನ ವಿಷಯವನ್ನೂ ಸೇರಿಸಿದೆ, ಅದನ್ನು ಯಾರೂ ಯೋಚಿಸಿರಲಿಲ್ಲವಂತೆ. ಬಿರುಕು ಮುಚ್ಚಿಕೊಂಡು ಬರುವವರನ್ನು ಹೇಗೆ ಗುರುತಿಸುವುದು ಎಂದು ಒಬ್ಬರು ಕೇಳಿದರು, ತೋರಿಸಿಕೊಟ್ಟೆ. ಶಾಲು ಹೊದಿಸಿದರು.

ರವಿಚಂದ್ರನೂ ಬಂದಿದ್ದ. ಕೆಲಸ ಬಿಡುತ್ತಿದ್ದಾನಂತೆ, ಅವನ ಮಾವನ ಕೋಳಿ ಫಾರಂ ನೋಡಿಕೊಳ್ಳುತ್ತಾನಂತೆ. "ನೀವು ಹೆಂಗೆ ತಡ್ಕೊಂಡಿದೀರ ಮೇಡಂ?" ಎಂದು ಕೇಳಿದ. "ಯಾರಾದ್ರೂ ನಿಭಾಯಿಸ್ಲೇಬೇಕಲ್ಲ" ಎಂದೆ. ಅವನು ಮೊದಲಿನಿಂದಲೂ ಸ್ವಲ್ಪ ಮೆತ್ತಗೆ.

ನವೆಂಬರ್ 3, ಸೋಮವಾರ

ಬೆಳಿಗ್ಗೆ ಗೇಟಿನಲ್ಲಿ ಸಾಲು ಮುಗಿಯುತ್ತ ಬಂದಿತ್ತು. ಕೊನೆಯಲ್ಲಿ ವೆಂಕಟರತ್ನಮ್ಮ ನಿಂತಿದ್ದಳು. ಇವತ್ತೂ ವಾಪಸ್ಸು ಕಳಿಸಬೇಕಲ್ಲಪ್ಪ ಎಂದು ಮುಖ ಬೇರೆ ಕಡೆ ತಿರುಗಿಸಿಕೊಂಡೆ. ಅವಳು ಕೈ ಚಾಚಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡೇ ಇದ್ದಳು. ಪಕ್ಕದಲ್ಲಿ ಮಗಳು ತನುಶ್ರೀ. ಅವಳನ್ನು ಪ್ಲಾಂಟಿನ ವರಮಹಾಲಕ್ಷ್ಮಿ ಪೂಜೆಯಲ್ಲಿ ನೋಡಿದ್ದೆ, ಡಿಗ್ರಿ ಎರಡನೇ ವರ್ಷ ಓದುತ್ತಿದ್ದಳು.

"ಕಾರ್ಡು ನಿಂತುಹೋಯ್ತಮ್ಮ. ಹೋದ್ ಶುಕ್ರವಾರ ಆಸ್ಪತ್ರೇಲಿ ಕೈಯಿಂದ ದುಡ್ಡು ಕಟ್ಟಿ ಮಾಡಿಸಿದ್ವಿ. ನಾಳೆ ಮತ್ತೆ ಇದೆ" ಎಂದಳು ವೆಂಕಟರತ್ನಮ್ಮ. "ನೀನೇ ಹೇಳಿದ್ಯಲ್ಲ, ಮನೇಲಿ ಯಾರಾದ್ರೂ ಸೇರಿದ್ರೆ ಅಂತ. ನಂದು ಬೇಡ. ಇವಳ ಕೈ ನೋಡು."

"ಕಾಲೇಜು?" ಎಂದೆ.

ತಾಯಿಯೇ ಮಗಳ ಮಣಿಕಟ್ಟು ಹಿಡಿದು ಕೈಗಳನ್ನು ಲೈಟಿನ ಕೆಳಗೆ ಇಟ್ಟಳು. "ನೋಡಮ್ಮ ತನುಜಮ್ಮ, ಒಂದ್ ಗೀರಿಲ್ಲ. ಮನೇಲಿ ಪಾತ್ರೇನೂ ತೊಳೆಸಿಲ್ಲ ನಾನು" ಎಂದಳು. ಮಾರ್ಕ್ಸ್‌ಕಾರ್ಡು ತೋರಿಸುವ ತಾಯಿಯ ಹಾಗೆ ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಟಾರ್ಚು ಹಾಕಿ ನೋಡಿದೆ. ಮದರಂಗಿಯ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ, ಬಲಗೈಯ ನಡುಬೆರಳಲ್ಲಿ ಪೆನ್ನು ಒತ್ತಿದ ಗಂಟು. ಉಳಿದಂತೆ ನುಣುಪು. ಬೇಸಿನ್ನಿಗೆ ಹೇಳಿ ಮಾಡಿಸಿದಂಥ ಉದ್ದ ಬೆರಳು. ಸದ್ಯ, ಒಂದು ದಾರಿಯಾಯಿತಲ್ಲ ಎಂದು ಸಮಾಧಾನವಾಯಿತು. ನಾಳೆಗೆ ಮೊದಲು ಕಾರ್ಡು ಆಗಬೇಕಿತ್ತು, ಮಧ್ಯಾಹ್ನದೊಳಗೆ ನಾನೇ ಕೂತು ಮಾಡಿಸಿಕೊಟ್ಟೆ. ಇಷ್ಟು ದಿನದಲ್ಲಿ ಒಬ್ಬರಿಗಾದರೂ ನನ್ನಿಂದ ಒಂದು ಕೆಲಸ ಆಯಿತು.

ಒಳಗೆ ಹೋಗುವ ಮೊದಲು ಆ ಹುಡುಗಿ ಕೇಳಿದಳು, "ಮೇಡಂ, ಎಷ್ಟ್ ದಿನ ಹಿಂಗೇ ಇರುತ್ತೆ ಕೈ?"

"ಚೆನ್ನಾಗಿ ನೋಡ್ಕೊಂಡ್ರೆ ಒಂದು ವರ್ಷ ಬರುತ್ತೆ ಕಣಮ್ಮ" ಎಂದೆ.

ಹೊಸದು ಒಂದು ಫಿಟ್. ಇವತ್ತು ಅನ್‌ಫಿಟ್ ಯಾರೂ ಇಲ್ಲ.